ರಘುವಿನ ಊರು, ನನ್ನ ಊರು

ನಾವಿಬ್ಬರೂ ದತ್ತು ಬಂದ ಮಕ್ಕಳು ಎನ್ನುವುದು ಚಿತ್ತಾಪುರದ ನಮ್ಮ ಮನೆಯಲ್ಲಿ ಎಂದೂ ಗುಟ್ಟಾಗಿರಲಿಲ್ಲ. ಅವ್ವ ಅದನ್ನು ರೊಟ್ಟಿ ಬಡಿಯುತ್ತ, ನನ್ನ ಜಡೆ ಹೆಣೆಯುತ್ತ, ರಘುವಿನ ಉಗುರು ತೆಗೆಯುತ್ತ ಹೇಳುತ್ತಿದ್ದಳು. ನಾನು ಮೂರು ತಿಂಗಳ ಕೂಸಾಗಿ ಬಂದವಳು. ಶಹಾಬಾದದ ಒಂದು ಹೆರಿಗೆ ಆಸ್ಪತ್ರೆಯ ಪಡಸಾಲೆಯಲ್ಲಿ ಯಾರೋ ಬಿಟ್ಟುಹೋಗಿದ್ದರಂತೆ. ಅಲ್ಲಿಂದ ಕಲಬುರಗಿಯ ಮಕ್ಕಳ ಆಶ್ರಮಕ್ಕೆ, ಅಲ್ಲಿಂದ ಈ ಮನೆಗೆ. ನನಗಿಂತ ಮೂರು ವರ್ಷ ಸಣ್ಣವನಾದ ರಘು ಚಿಂಚೋಳಿಯ ಆಚೆ, ಕುಂಚಾವರಂ ಕಾಡಿನ ಅಂಚಿನ ಸಣ್ಣ ಊರಿನವನು. ಹೆತ್ತವರಿಬ್ಬರೂ ಜಡ್ಡಿನಲ್ಲಿ ತೀರಿಕೊಂಡ ಮೇಲೆ ಅವನ ಅಜ್ಜಿಯೇ, ಚಂದಾಪುರದ ದವಾಖಾನೆಯ ನರ್ಸಮ್ಮ ಒಬ್ಬರ ಮುಖಾಂತರ, ಒಂದೂವರೆ ವರ್ಷದ ಅವನನ್ನು ಅವ್ವನ ಉಡಿಗೆ ಹಾಕಿದ್ದಳು. ಅವನ ಕಥೆಯಲ್ಲಿ ಜನ ಇದ್ದರು. ಒಬ್ಬ ಅಜ್ಜಿ, ಒಬ್ಬ ಅಣ್ಣ, ಒಂದು ಊರು. ನನ್ನದರಲ್ಲಿ ಒಂದು ಪಡಸಾಲೆ ಮಾತ್ರ. ನಮ್ಮ ಮನೆಯ ನೆಲಕ್ಕೆ ಹಾಸಿದ್ದು ಶಹಾಬಾದ ಕಲ್ಲು. ಆ ಕಲ್ಲು ತಂದ ಲಾರಿಯಲ್ಲೇ ನನ್ನನ್ನೂ ತಂದರೆಂದು ನಾನು ಬಹಳ ದಿನ ನಂಬಿದ್ದೆ. ಬೇಸಿಗೆಯ ಮಧ್ಯಾಹ್ನ ಆ ತಣ್ಣನೆಯ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದಾಗ, ಇವು ನನ್ನ ಊರಿನವು ಎಂದುಕೊಳ್ಳುತ್ತಿದ್ದೆ.

ಮನೆ ಎಂದರೆ ಒಂದರ ಹಿಂದೊಂದು ಮೂರು ಖೋಲಿ. ಮುಂದಿನದರಲ್ಲಿ ಅಪ್ಪನ ಮೇಜು. ಅಪ್ಪ ಕೋರ್ಟಿನಲ್ಲಿ ಗುಮಾಸ್ತ, ಮನೆಯಲ್ಲೂ ಮಾತು ಕಡಿಮೆ. ನಡುವಿನ ಖೋಲಿ ನಮ್ಮದು ಮತ್ತು ಅವ್ವನದು. ಅವ್ವ ಪ್ರಾಥಮಿಕ ಶಾಲೆಯ ಶಿಕ್ಷಕಿ, ಅವಳ ಪಾಠದ ಚೀಲ ಸದಾ ಕಿಟಕಿಯ ಮೊಳೆಗೆ. ಕೊನೆಯದು ಅಡುಗೆಮನೆ. ಅದು ಅಪ್ಪನ ಅವ್ವ, ನಮ್ಮ ಅಜ್ಜಿಯದು. ಅಜ್ಜಿ ಮಡಿಯಲ್ಲಿದ್ದಷ್ಟು ಹೊತ್ತು ಹೊಸ್ತಿಲು ದಾಟುವಂತಿರಲಿಲ್ಲ. ಅದು ನಮಗಷ್ಟೇ ಅಲ್ಲ, ಅಪ್ಪನಿಗೂ ಇದ್ದ ಕಟ್ಟಳೆ. ದೇವರ ನೈವೇದ್ಯವಾದ ಮೇಲೆ ನಾಲ್ಕು ತಾಟು ಸಾಲಾಗಿ ಇಟ್ಟು, ಬಗ್ಗಿ ಬಡಿಸುತ್ತ, ಮೊದಲು ರಘುವಿನ ತಾಟಿಗೆ ತುಪ್ಪ ಹಾಕುತ್ತಿದ್ದಳು. ನಾವು ಯಾವ ಜಾತಿಯವರು, ಯಾರ ಮಕ್ಕಳು ಎಂದು ಅಜ್ಜಿ ಒಮ್ಮೆಯೂ ಕೇಳಿರಲಿಲ್ಲ. ಕೇಳದೆ ಇರುವುದೇ ಅವಳು ಕಂಡುಕೊಂಡಿದ್ದ ದಾರಿ. ಅದು ನನಗೆ ತಿಳಿದದ್ದು ರಘು ಮೂರನೆಯ ಇಯತ್ತೆಯಲ್ಲಿದ್ದಾಗ, ಒಂದು ಭಾನುವಾರದ ಊಟದಲ್ಲಿ.

ರಘುವಿನ ಕಿವಿಗಳು ದೊಡ್ಡವು, ಮುಂದಕ್ಕೆ ಬಾಗಿದವು. ಸಾಲಿಯಲ್ಲಿ ಯಾರೋ ಅದಕ್ಕೆ ನಕ್ಕಿದ್ದರು. ಅವನು ಅತ್ತಿರಲಿಲ್ಲ, ಯೋಚನೆಗೆ ಬಿದ್ದಿದ್ದ. ಅನ್ನ ಕಲಸುತ್ತ ಕೇಳಿದ, ನನ್ನ ಊರಾಗ ಇಂಥಾ ಕಿವಿ ಇದ್ದವರು ಅದಾರೇನು ಎಂದು. ಅಪ್ಪ ತಾಟು ನೋಡಿದ. ಅವ್ವ ಕೈಯಲ್ಲಿದ್ದ ತುತ್ತು ಉಂಡು, ನೀರು ಕುಡಿದು, ಹೋಗಿ ನೋಡಿ ಬರೋಣ ಎಂದಳು. ಸಾರಿನ ಪಾತ್ರೆ ಹಿಡಿದು ನಿಂತಿದ್ದ ಅಜ್ಜಿ ಅದನ್ನು ಅಲ್ಲೇ ನೆಲಕ್ಕಿಟ್ಟಳು.

"ಗೊತ್ತಿಲ್ಲದ್ದು ಗೊತ್ತಿಲ್ಲದಂಗೇ ಇರಲಿ. ಗೊತ್ತಾದ ಮ್ಯಾಲೆ ಈ ಅಡಗಿಮನ್ಯಾಗ ನಾ ಏನ್ ಮಾಡಬೇಕು, ಅದನ್ನೂ ನೀನೇ ಹೇಳು."

"ಏನೂ ಮಾಡಬ್ಯಾಡ್ರಿ. ಈಗ ಹ್ಯಾಂಗ ಊಟಕ್ಕ ಹಾಕಲಿಕತ್ತೀರಿ, ಹಂಗೇ ಹಾಕ್ರಿ."

ಅವ್ವ ಇದನ್ನು ಗಟ್ಟಿಯಾಗಿ ಹೇಳಲಿಲ್ಲ, ಮೆತ್ತಗೂ ಹೇಳಲಿಲ್ಲ. ಆ ದಿನದಿಂದ ಎಂಟು ದಿನ ಅಜ್ಜಿ ಅವ್ವನ ಜೊತೆ ನೇರ ಮಾತಾಡಲಿಲ್ಲ. ಬೆಲ್ಲ ತೀರಿದ್ದನ್ನು ಗೋಡೆಗೆ ಹೇಳಿದಳು, ಹಾಲು ಒಡೆದದ್ದನ್ನು ನನಗೆ ಹೇಳಿದಳು. ಅವ್ವ ಎಲ್ಲಕ್ಕೂ ಹೂಂ ಎಂದು, ತನ್ನ ಕೆಲಸ ಶುರು ಮಾಡಿದಳು.

ಆ ಕೆಲಸಕ್ಕೆ ಆರು ತಿಂಗಳು ಹಿಡಿಯಿತು. ಮೊದಲು ಅವ್ವ, ಅಪ್ಪ ಇಬ್ಬರೇ ಒಂದು ರಜೆಯ ದಿನ ಕುಂಚಾವರಂ ಕಡೆ ಹೋಗಿಬಂದರು. ಆ ಅಜ್ಜಿ ಬದುಕಿದ್ದಾಳೆಯೇ, ಮಗುವನ್ನು ನೋಡುವ ಮನಸ್ಸಿದೆಯೇ, ನೋಡಿ ತಾಳಿಕೊಳ್ಳುವ ಶಕ್ತಿ ಇದೆಯೇ ಎಂದು ತಿಳಿದುಕೊಂಡು ಬರಲು. ನಾವು ಬರುವ ದಿನ ಊರೆಲ್ಲ ನೆರೆಯಬಾರದು, ಮನೆಯವರಷ್ಟೇ ಇರಲಿ ಎಂದು ಕೇಳಿಕೊಂಡರು. ನಾವು ಮಾಂಸ ತಿನ್ನುವುದಿಲ್ಲ ಎಂಬುದನ್ನೂ ಆಗಲೇ ಹೇಳಿದರು. ಅವರು ಪ್ರೀತಿಯಿಂದ ಕೋಳಿ ಕೊಯ್ದು, ನಾವು ಒಲ್ಲೆ ಎನ್ನುವಂತಾಗಬಾರದು. ಹಬ್ಬದ ದಿನ ಬೇಡ, ಕೂಲಿಯ ಸುಗ್ಗಿ ಬೇಡ ಎಂದು ಅವ್ವ ದಿನ ಹುಡುಕಿದಳು. ಹೊಸ ಬಟ್ಟೆ ಬೇಡ, ದಿನದ ಬಟ್ಟೆಯೇ ಸಾಕು ಎಂದಳು. ರಘುವಿನ ಒಂದೊಂದು ವರ್ಷದ ಒಂದೊಂದು ಫೋಟೊ, ಆ ಮನೆಯಲ್ಲಿ ಬಿಟ್ಟುಬರಲೆಂದೇ, ಮತ್ತೆ ಪ್ರಿಂಟ್ ಹಾಕಿಸಿದಳು. ಇಬ್ಬರು ಮಕ್ಕಳಿಗೆ ಇಬ್ಬರು ದೊಡ್ಡವರು ಇರಲೇಬೇಕು, ಅದಕ್ಕೆ ಅಪ್ಪ ರಜೆ ಹಾಕಲೇಬೇಕು. ಹೋಗುವ ಹಿಂದಿನ ವಾರ ರಘುವನ್ನು ಕೂಡಿಸಿಕೊಂಡು, ಅಲ್ಲಿ ಯಾರು ಯಾರು ಇರುತ್ತಾರೆ, ಅವನಿಗೆ ಅವರು ಇಟ್ಟಿದ್ದ ಹೆಸರು ಸಾಯಿಲು, ಅವರು ಅತ್ತರೆ ಅದು ಅವನ ತಪ್ಪಲ್ಲ ಎಂದು ಎಲ್ಲ ಹೇಳಿದಳು. ಕೊನೆಗೆ ನಮ್ಮಿಬ್ಬರನ್ನೂ ಮುಂದೆ ನಿಲ್ಲಿಸಿಕೊಂಡು ಒಂದು ಮಾತು ಕೊಟ್ಟಳು.

"ಇಬ್ಬರಾಗ ಯಾರೇ 'ಹೋಗೋಣ' ಅಂದ್ರೂ ನಾ ಎದ್ದು ನಿಂದರ್ತೀನಿ. ಯಾಕ ಅಂತ ಅಲ್ಲಿ ಕೇಳಂಗಿಲ್ಲ. ಮನಿಗೆ ಬಂದ ಮ್ಯಾಲೂ ಕೇಳಂಗಿಲ್ಲ. ನೀವಾಗೇ ಹೇಳಿದ್ರ ಕೇಳ್ತೀನಿ."

ಈಗ ನಾನು ಸೇಡಂನಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ದತ್ತು ತೆಗೆದುಕೊಂಡವರು ಯಾರಾದರೂ, ಮಕ್ಕಳನ್ನು ಅವರ ಮೂಲದ ಊರಿಗೆ ಕರೆದೊಯ್ಯಬೇಕೆಂದಿದ್ದೇವೆ, ಏನು ಮಾಡಬೇಕು ಎಂದು ಕೇಳಿಕೊಂಡು ಬಂದರೆ, ನಾನು ಹೇಳುವುದೆಲ್ಲ ಅವ್ವ ಆ ಆರು ತಿಂಗಳಲ್ಲಿ ಮಾಡಿದ್ದೇ. ಹೆಚ್ಚಿನವರು ಅದನ್ನೆಲ್ಲ ಒಪ್ಪಿ ತಲೆಯಾಡಿಸುತ್ತಾರೆ. ಈ ಕೊನೆಯ ಮಾತಿಗೆ ಬಂದಾಗ ಮಾತ್ರ ಹಿಂಜರಿಯುತ್ತಾರೆ. ಅಷ್ಟು ದೂರ ಹೋಗಿ, ಹುಡುಗರು ಸುಮ್ಮನೆ ಹಟಕ್ಕೆ ಹೋಗೋಣ ಎಂದುಬಿಟ್ಟರೆ? ಅನ್ನಬಹುದು, ನಾನು ಅಂದಿದ್ದೆ ಎನ್ನುತ್ತೇನೆ.

ಮುಂಜಾನೆಯ ಪ್ಯಾಸೆಂಜರ್ ಗಾಡಿಯಲ್ಲಿ ಸೇಡಂ, ಅಲ್ಲಿಂದ ಬಸ್ಸಿನಲ್ಲಿ ಚಿಂಚೋಳಿ, ಚಂದಾಪುರದಲ್ಲಿ ಇನ್ನೊಂದು ಬಸ್ಸು. ಕುಂಚಾವರಂ ದಾರಿಯ ಕಾಡು ಹೊಕ್ಕ ಮೇಲೆ ರಘು ಕಿಟಕಿ ಬಿಡಲಿಲ್ಲ. ಪ್ರತಿ ತಿರುವಿಗೂ ಇದು ನನ್ನ ಊರೇನು ಎಂದು ಕೇಳುತ್ತಿದ್ದ. ನಿಲ್ದಾಣದಲ್ಲಿ ಹದಿನಾರು ಹದಿನೇಳರ ಹುಡುಗನೊಬ್ಬ ನಿಂತಿದ್ದ. ಅವನ ಕಿವಿ ನೋಡಿದರೆ ಸಾಕಾಗಿತ್ತು, ಯಾರೂ ಹೇಳಬೇಕಿರಲಿಲ್ಲ. ಅವನೇ ನರ್ಸಿಮ್ಲು, ರಘುವಿನ ಅಣ್ಣ. ಚಿಂಚೋಳಿಯಲ್ಲಿ ಕನ್ನಡ ಸಾಲಿ ಕಲಿತವನಾದ್ದರಿಂದ ಮನೆಯವರ ತೆಲುಗು ಮಾತನ್ನು ನಮಗೆ ತಿರುಗಿಸಿ ಹೇಳುವವನೂ ಅವನೇ. ಎರಡು ಮೈಲಿ ನಡೆದು ಮನೆ ಮುಟ್ಟಿದಾಗ ಅವನ ಅಜ್ಜಿ ಬಾಲಮ್ಮ ಬಾಗಿಲಲ್ಲಿ ಕೂತಿದ್ದಳು. ಅವಳು ಎದ್ದು ಬರಲಿಲ್ಲ, ಅಳಲಿಲ್ಲ. ರಘು ತಾನಾಗಿ ಹತ್ತಿರ ಹೋಗುವತನಕ ಕಾದಳು. ಹೋದ ಮೇಲೆ ಎರಡೂ ಕೈಯಿಂದ ಅವನ ಎರಡೂ ಕಿವಿ ಹಿಡಿದು, ನಿಧಾನವಾಗಿ ಸವರಿದಳು. ಆಮೇಲೆ ಸೆರಗು ಸರಿಸಿ ತನ್ನ ಕಿವಿ ತೋರಿಸಿದಳು. ರಘು ನಕ್ಕ ನಗೆಯನ್ನು ನಾನು ಅದುವರೆಗೆ ನಮ್ಮ ಮನೆಯಲ್ಲಿ ಕಂಡಿರಲಿಲ್ಲ.

ಅಲ್ಲಿಂದಲೇ ನನಗೆ ಸಂಕಟ ಶುರುವಾಯಿತು. ಬಾಲಮ್ಮ ನರ್ಸಿಮ್ಲುವನ್ನು ತೋರಿಸಿ, ಇವನು ನಿನ್ನ 'ಅನ್ನ' ಎಂದಳು. ತೆಲುಗಿನಲ್ಲಿ ಅಣ್ಣನಿಗೆ ಹಾಗೆನ್ನುತ್ತಾರೆ; ರಘು ಊಟ ಬಂತೇನೋ ಎಂದು ಒಲೆಯ ಕಡೆ ನೋಡಿದ, ಎಲ್ಲರೂ ನಕ್ಕರು, ಅಪ್ಪ ಕೂಡ. ನಾನು ಮಾತ್ರ ನಗಲಿಲ್ಲ. ನಮ್ಮನ್ನು ಚಾಪೆಯ ಮೇಲೆ ಕೂಡಿಸಿ ಬಾಲಮ್ಮ ಬಿಸಿ ಅನ್ನ, ಹುಣಸೆಹುಳಿಯ ಸಾರು, ಸುಟ್ಟ ಬದನೆಕಾಯಿ ಚಟ್ನಿ ಬಡಿಸಿದಳು. ಬಡಿಸುವುದನ್ನು ನಿಲ್ಲಿಸಿ, ಎದೆಯ ಮೇಲೆ ಕೈಯಿಟ್ಟುಕೊಂಡು ರಘುವಿಗೆ ಏನೋ ಹೇಳಿದಳು. ರಘು ಅವಳ ಮುಖ ನೋಡಿ, "ಅವ್ವ" ಎಂದ.

"ಹೋಗೋಣ," ಎಂದೆ ನಾನು.

ಅವ್ವ ತಾಟಿಗೆ ಕೈ ಹಾಕುವುದರಲ್ಲಿದ್ದಳು. ಕೈ ಹಿಂದೆ ತೆಗೆದು ಎದ್ದು ನಿಂತಳು. ಅಪ್ಪ, ಊಟ ಆಗಲಿ, ಒಂದು ಸ್ವಲ್ಪ ತಡಿ ಎಂದ. ರಘು ನನ್ನನ್ನೂ ಅವ್ವನನ್ನೂ ನೋಡಿದ. ಬಾಲಮ್ಮನ ಕೈಯಲ್ಲಿ ಅನ್ನದ ಸೌಟು ಹಾಗೇ ಇತ್ತು. ಕೊಟ್ಟ ಮಾತು ಕೊಟ್ಟದ್ದು ಎಂದು ಅಪ್ಪನಿಗೆ ಹೇಳಿ, ಅವ್ವ ನರ್ಸಿಮ್ಲುವಿನ ಕಡೆ ತಿರುಗಿ, ನಿಮ್ಮದೇನೂ ತಪ್ಪಿಲ್ಲ, ಊಟದ್ದೂ ಅಲ್ಲ, ಮಕ್ಕಳಿಗೆ ಇವತ್ತಿಗೆ ಇಷ್ಟೇ ಸಾಕಾಗಿದೆ, ಮತ್ತೆ ಬಂದೇ ಬರುತ್ತೇವೆ ಎಂದು ನಿಮ್ಮಜ್ಜಿಗೆ ಸರಿಯಾಗಿ ತಿಳಿಸಿ ಹೇಳು ಎಂದು ಎರಡು ಸಲ ಹೇಳಿದಳು. ಫೋಟೊಗಳನ್ನು ಬಾಲಮ್ಮನ ಕೈಯಲ್ಲಿಟ್ಟಳು. ನಾವು ಹೊರಟೆವು. ರಘು ಎಲ್ಲರಿಗಿಂತ ಮುಂದೆ ನಡೆದ, ಬಸ್ಸಿನಲ್ಲಿ ಅಪ್ಪನ ಪಕ್ಕ ಕೂತ. ಚಂದಾಪುರದಿಂದ ಚಿತ್ತಾಪುರದತನಕ ನನ್ನ ಕಡೆ ನೋಡಲಿಲ್ಲ.

ಮನೆಗೆ ಬಂದಾಗ ಅಜ್ಜಿ ಯಾವ ಜನ, ಎಂಥ ಮನೆ ಎಂದು ಕೇಳುತ್ತಾಳೆಂದು ನಾನು ಕಾದಿದ್ದೆ. ಅವಳು ಕೇಳಿದ್ದು, ಅಲ್ಲಿ ಉಂಡಿರೇನು ಎಂದು. ಬಡಿಸಿದ್ದರು, ಸುಮಿ ಎಬ್ಬಿಸಿದಳು ಎಂದು ಅಪ್ಪ ನನ್ನತ್ತ ಕೈ ತೋರಿಸಿದ. ಅಜ್ಜಿಗೆ ಸಮಾಧಾನವಾಗುತ್ತದೆ ಎಂದುಕೊಂಡೆ. ಅಲ್ಲಿಯ ಅನ್ನ ನಮ್ಮ ಹೊಟ್ಟೆಗೆ ಹೋಗಲಿಲ್ಲವಲ್ಲ. ಅಜ್ಜಿಯ ಮುಖ ಕಪ್ಪಿಟ್ಟಿತು.

"ಬಡಿಸಿದ ಅನ್ನದ ಮುಂದಿಂದ ಎದ್ದು ಬಂದ್ರಿ? ಬಡಿಸಿದಾಕಿ ಇವತ್ತು ಹ್ಯಾಂಗ ಉಂಡಾಳು? ಹೋಗಬ್ಯಾಡ್ರಿ ಅಂದಿದ್ದು ಖರೇ. ಹೋದ ಮ್ಯಾಲೆ ಉಂಡು ಬರಬೇಕಿತ್ತು."

ಆ ದಿನ ಅವಳೂ ಒಂದೇ ತುತ್ತು ಉಂಡು ಎದ್ದಳು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ರಘು ನನ್ನ ಜೊತೆ ಮಾತು ಬಿಟ್ಟ. ಒಂದೇ ಖೋಲಿಯಲ್ಲಿ, ಪಕ್ಕಪಕ್ಕದ ಹಾಸಿಗೆಯಲ್ಲಿ, ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಸಾಲಿಗೆ ನನಗಿಂತ ಮೊದಲೇ ಹೋಗುತ್ತಿದ್ದ. ಅವ್ವ ಕೇಳುವುದಿಲ್ಲ ಎಂದು ಹೇಳಿದ್ದಳು, ಕೇಳಲಿಲ್ಲ. ದಿನಗಳು ಹೀಗೇ ಹೋದವು. ಒಂದು ಸಂಜೆ ಅವಳು ಮಕ್ಕಳ ನೋಟಬುಕ್ ತಿದ್ದುತ್ತ ಕೂತಿದ್ದಾಗ ನಾನು ಹೋಗಿ ಎದುರಿಗೆ ನಿಂತೆ. ಅವನು ಆಕೆಗೆ ಅವ್ವ ಅಂದ ಎಂದೆ. ಅಷ್ಟೇ ಹೇಳಲಾಯಿತು. ಅವ್ವ ಪೆನ್ನು ಕೆಳಗಿಟ್ಟಳು.

"ಆ ಕಡಿ ಅಜ್ಜಿಗೆ ಅವ್ವ ಅಂತಾರ, ಸುಮಿ. ತಾಯಿಗೆ ಅಮ್ಮ ಅಂತಾರ. ಇಷ್ಟೆಲ್ಲ ಹೇಳಿದೆ, ಅದೊಂದು ಹೇಳಲಿಲ್ಲ. ಅದು ನಂದೇ ತಪ್ಪು."

ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಅವನು ಅಲ್ಲೇ ಉಳಿದುಬಿಟ್ಟರೆ ಎಂದು ಕೇಳಿದೆ. ಇಲ್ಲ, ಹಾಗೇನೂ ಆಗುವುದಿಲ್ಲ ಎಂದು ಅವ್ವ ಹೇಳಬಹುದಿತ್ತು. ಹೇಳಲಿಲ್ಲ.

"ಆ ಅಂಜಿಕಿ ನನಗೂ ಅದ. ಅಂಜಿಕಿ ಅದ ಅಂತ ಹೋಗದೇ ಇರಲಿಕ್ಕ ಬರೂದಿಲ್ಲ. ಅಂವಗ ಅವರು ಬೇಕು."

ಅವ್ವನಿಗೂ ಅಂಜಿಕೆ ಇದೆ ಎಂಬುದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಎಲ್ಲವನ್ನೂ ತಿಳಿದೇ ಮಾಡುತ್ತಾಳೆ, ಅದಕ್ಕೇ ಅಷ್ಟು ಗಟ್ಟಿ ಎಂದುಕೊಂಡಿದ್ದೆ. ಅಂಜುತ್ತಲೇ ಆರು ತಿಂಗಳು ಓಡಾಡಿದ್ದಳು. ಅವತ್ತೇ ನಾನು ರಘುವಿನ ಹತ್ತಿರ ಹೋಗಿ, ತಪ್ಪಾಯಿತು, ಮತ್ತೆ ಹೋಗೋಣ, ಈ ಸಲ ನಾನು ಬಾಯಿ ಬಿಡುವುದಿಲ್ಲ ಎಂದೆ. ಅವನು ನನ್ನ ಕಡೆ ತಿರುಗಿ, ಬಾಯಿ ಬಿಡು, ಆದರೆ ಉಂಡು ಬಿಡು ಎಂದ.

ಸಂಕ್ರಾಂತಿ ದಾಟಿದ ಮೇಲೆ ಮತ್ತೆ ಹೋದೆವು. ಹೊರಡುವ ಮುಂಜಾನೆ ಅಜ್ಜಿ ಮಡಿಯಲ್ಲೇ ಕೂತು ಕಟ್ಟಿದ ಎಳ್ಳುಂಡೆಯ ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು, ಆ ಮುದುಕಿಗೆ ಕೊಡಿ, ಹೋದ ಸಲದ್ದು ಮನಸ್ಸಿನಲ್ಲಿಟ್ಟುಕೊಳ್ಳಬಾರದೆಂದು ಹೇಳಿ ಎಂದಳು. ಅವಳ ಕಟ್ಟಳೆಯೇನೂ ಬದಲಾಗಿರಲಿಲ್ಲ. ಅವರು ಯಾರು ಎಂದು ಆಗಲೂ ಕೇಳಲಿಲ್ಲ, ಸಾಯುವತನಕ ಕೇಳಲಿಲ್ಲ. ರಘುವಿನ ತಾಟಿಗೆ ತುಪ್ಪ ಬೀಳುವುದೂ ನಿಲ್ಲಲಿಲ್ಲ.

ಈ ಸಲ ಬಾಲಮ್ಮ ಮೊದಲು ನನ್ನ ತಾಟಿಗೆ ಬಡಿಸಿದಳು. ನಾನು ಒಂದು ಅಗುಳು ಬಿಡದೆ ಉಂಡೆ. ಕೈ ತೊಳೆದ ಮೇಲೆ ನರ್ಸಿಮ್ಲುವಿಗೆ, ಅವತ್ತು ಎಲ್ಲರನ್ನೂ ಎಬ್ಬಿಸಿದವಳು ನಾನೇ ಎಂದು ಅವಳಿಗೆ ಹೇಳು ಎಂದೆ. ಅವನು ಹೇಳಿದ. ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ರಘುವಿನ ಕಡೆ ತಿರುಗಿ ಎರಡು ಮಾತಾಡಿ, ಎಳ್ಳುಂಡೆ ಬಾಯಿಗೆ ಹಾಕಿಕೊಂಡಳು. ನರ್ಸಿಮ್ಲು ನಕ್ಕ.

"ನಿನ್ನ ಅಕ್ಕ ನಿನ್ನನ್ನ ಯಾರಿಗೂ ಬಿಟ್ಟುಕೊಡಾಕಿ ಅಲ್ಲ, ನಾ ಇನ್ನು ಚಿಂತಿ ಇಲ್ಲದೇ ಇರ್ತೀನಿ ಅಂತ ಇವನಿಗೆ ಹೇಳಾಕತ್ಯಾಳ."

ರಘು ಅಲ್ಲಿ ಉಳಿಯಲಿಲ್ಲ. ಸಂಜೆಯ ಬಸ್ಸಿಗೆ ತಾನೇ ಚಪ್ಪಲಿ ಮೆಟ್ಟಿ ಬಂದ. ಆದರೆ ಅಲ್ಲಿಂದ ಮುಂದೆ ಪ್ರತಿ ವರ್ಷ ಹೋದ. ದೊಡ್ಡವನಾದ ಮೇಲೆ ಒಬ್ಬನೇ ಹೋಗಿ ನಾಲ್ಕಾರು ದಿನ ಇದ್ದು ಬರುತ್ತಿದ್ದ. ಆ ದಿನ ಬಸ್ಸಿನಲ್ಲಿ ಅವನು ನನ್ನ ಪಕ್ಕ ಕೂತು ಹೇಳಿದ ಮೊದಲ ಮಾತು, ಇನ್ನು ಅಕ್ಕನ ಊರು ಎಂದು. ಅವ್ವ ಹೌದು ಎಂದಳು. ನಾನು ಬೇಡ ಎಂದೆ. ರಘುವಿನ ಊರಿನ ಮಾತು ಎದ್ದಾಗಲೇ, ಹಿರಿಯಳೆಂದು ಅವ್ವ ಮೊದಲು ನನ್ನನ್ನೇ ಕೇಳಿದ್ದಳು, ಆಗಲೂ ಬೇಡ ಎಂದಿದ್ದೆ. ಅಲ್ಲಿ ನನಗೆ ಯಾರಿದ್ದಾರೆ, ಕಲ್ಲು ನೋಡಲು ಶಹಾಬಾದಕ್ಕೆ ಹೋಗಬೇಕೇ, ಮನೆಯಲ್ಲೇ ಇವೆ. ರಘು ಬಿಡಲಿಲ್ಲ. ದಿನಾ ಸಾಲಿಗೆ ಹೋಗುವಾಗ ಕೇಳುತ್ತಿದ್ದ, ಬರುವಾಗ ಕೇಳುತ್ತಿದ್ದ. ಒಂದು ದಿನ ಬೇಸತ್ತು ಆಗಲಿ ಎಂದೆ.

ಅವ್ವ ಮತ್ತೆ ಓಡಾಟಕ್ಕೆ ಬಿದ್ದಳು. ಆಶ್ರಮಕ್ಕೆ ಕಾಗದ ಬರೆದಳು, ಶಹಾಬಾದಕ್ಕೆ ಎರಡು ಸಲ ಒಬ್ಬಳೇ ಹೋಗಿಬಂದಳು. ಮೂರನೆಯ ಸಲ ನಮ್ಮನ್ನು ಕರೆದುಕೊಂಡು ಹೋಗುವ ಮೊದಲು ನನ್ನನ್ನು ಕೂಡಿಸಿಕೊಂಡು, ಹೆತ್ತವರ ಸುದ್ದಿ ಸಿಕ್ಕಿಲ್ಲ, ಇವತ್ತೂ ಸಿಗುವುದಿಲ್ಲ, ಆ ಆಸೆ ಇಟ್ಟುಕೊಂಡು ಬರಬೇಡ ಎಂದು ನೇರವಾಗಿ ಹೇಳಿದಳು. ಸಿಕ್ಕಿರುವುದು ಒಬ್ಬಾಕೆ ಮಾತ್ರ. ಆ ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದು ಕೆಲಸ ಬಿಟ್ಟ ಖಾಜಾಬಿ.

ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಸಣ್ಣ ಮನೆ. ಖಾಜಾಬಿ ಚಹಾಕ್ಕೆ ಇಟ್ಟು, ನಮ್ಮನ್ನು ಕೂಡಿಸಿ, ನನ್ನನ್ನು ಕಿಟಕಿಯ ಬೆಳಕಿಗೆ ಕರೆದು ನೋಡಿದಳು. ನಿನ್ನ ಹೆತ್ತವಳು ಯಾರೆಂದು ನನಗೆ ಗೊತ್ತಿಲ್ಲ, ನೋಡಿಯೂ ಇಲ್ಲ, ಸುಳ್ಳು ಹೇಳಲಾರೆ ಎಂದಳು. ಬೆಳಿಗ್ಗೆ ಕಸ ಗುಡಿಸಲು ಬಂದಾಗ ಪಡಸಾಲೆಯಲ್ಲಿ ಧ್ವನಿ ಕೇಳಿದ್ದಳು. ಆಶ್ರಮದವರು ಬರುವತನಕ ಹದಿನೈದು ದಿನ ನಾನು ಅವಳ ಕೈಯಲ್ಲೇ ಇದ್ದೆ. ಬೆನ್ನಿಗೆ ಕಟ್ಟಿಕೊಂಡೇ ಗುಡಿಸುತ್ತಿದ್ದಳು, ಆಗಷ್ಟೇ ಹೆತ್ತಿದ್ದ ಬಾಣಂತಿಯರ ಕಾಲು ಹಿಡಿದು ಅವರ ಹಾಲು ನನಗೆ ಕುಡಿಸುತ್ತಿದ್ದಳು. ಒಬ್ಬರು ಕೊಡುತ್ತಿದ್ದರು, ಒಬ್ಬರು ಬೈಯುತ್ತಿದ್ದರು. ಇದನ್ನೆಲ್ಲ ಅವಳು ನಿನ್ನೆಯ ಸುದ್ದಿಯ ಹಾಗೆ ಹೇಳಿದಳು. ನನಗೆ ಒಂದೇ ಒಂದು ಕೇಳಬೇಕಿತ್ತು. ನಾನು ಅಳುತ್ತಿದ್ದೆನೇ ಎಂದು ಕೇಳಿದೆ.

"ಭಾಳ, ಬೇಟಾ. ಇಡೀ ವಾರ್ಡ್ ಎಬ್ಬಸ್ತಿದ್ದಿ. ಡಾಕ್ಟರಮ್ಮಾರು ಇದು ಉಳಿಯೂದಿಲ್ಲ ಅಂದ್ರು, ಅಷ್ಟು ಸಣ್ಣಕಿದ್ದಿ. ನಾ ಅಂದೆ, ಇಷ್ಟು ಜೋರ್ ಅಳೂ ಕೂಸು ಎಲ್ಲಿಗೂ ಹೋಗೂದಿಲ್ರಿ, ಇಲ್ಲೇ ಇರ್ತದ ಅಂತ."

ಖಾಜಾಬಿ ರಘುವನ್ನು ತೋರಿಸಿ ಇವನಾರು ಎಂದಳು. ನಾನು ಹೇಳುವ ಮೊದಲೇ ಅವನು, ಆಕೆಯ ತಮ್ಮ ಎಂದು ಹೇಳಿ, ನೆಟ್ಟಗೆ ಕೂತ. ಅವ್ವ ಖಾಜಾಬಿಯ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ನಾವು ಚಹಾ ಕುಡಿದೆವು. ಹೊರಡುವಾಗ ಖಾಜಾಬಿ ನನ್ನ ಕೆನ್ನೆಯ ಪಕ್ಕ ಬೆರಳು ನಿವಾಳಿಸಿ ಲಟಿಕೆ ಮುರಿದಳು.

ಶಹಾಬಾದದಿಂದ ವಾಡಿ ಜಂಕ್ಷನ್‌ಗೆ ಬಂದು, ಅಲ್ಲಿ ಚಿತ್ತಾಪುರದ ಗಾಡಿಗೆ ಕಾಯಬೇಕು. ಮಧ್ಯಾಹ್ನದ ಬಿಸಿಲು, ಪ್ಲಾಟ್‌ಫಾರ್ಮಿನ ತುಂಬ ಜನ. ಅಪ್ಪ ಬುತ್ತಿ ಬಿಚ್ಚಿ, ಅಜ್ಜಿ ಕಟ್ಟಿದ್ದ ಮೊಸರನ್ನವನ್ನು ನನ್ನ ಕೈಗೆ ಕೊಟ್ಟ. ಒಂದು ತುತ್ತು ಬಾಯಿಗಿಟ್ಟವಳು ಅಳಲು ಶುರು ಮಾಡಿದೆ. ಸಣ್ಣಗಲ್ಲ, ಎದೆ ಬಿರಿದು ಬರುವ ಹಾಗೆ. ಹನ್ನೆರಡು ವರ್ಷದ ಹುಡುಗಿ ಹಾಗೆ ಅಳುವುದನ್ನು ನೋಡಿ ಹಮಾಲರು ನಿಂತರು, ಹೆಂಗಸರು ಹತ್ತಿರ ಬಂದು ಏನಾಯಿತೆಂದು ಕೇಳಿದರು. ಅಪ್ಪ ಕೈವಸ್ತ್ರ ಹುಡುಕಿದ. ರಘು ಹೆದರಿ ಅವ್ವನ ಸೆರಗು ಜಗ್ಗಿ, ಸುಮ್ಮನಿರು ಅನ್ನು ಆಕೆಗೆ ಎಂದ. ಅವ್ವ ಅವನನ್ನು ಹತ್ತಿರ ಎಳೆದುಕೊಂಡು, ಇನ್ನೊಂದು ಕೈಯನ್ನು ನನ್ನ ಬೆನ್ನ ಮೇಲಿಟ್ಟಳು.

"ಅಳಲಿ ಬಿಡು. ಇನ್ನೊಂದು ಗಾಡಿ ಅದ."

ಚಿತ್ತಾಪುರದ ಗಾಡಿ ಬಂದು ನಿಂತಿತು. ಜನ ಹತ್ತಿದರು, ಇಳಿದರು. ಸೀಟಿ ಕೂಗಿ ಗಾಡಿ ಹೊರಟುಹೋಯಿತು. ನಾವು ನಾಲ್ವರೂ ಆ ಕಲ್ಲು ಬೆಂಚಿನ ಮೇಲೆ, ನನ್ನ ಅಳು ಮುಗಿಯುವತನಕ, ಕೂತೇ ಇದ್ದೆವು.